ಕುಳ್ಳ ಜಿಂಕೆಗಾಗಿ ನಾಯಿ ಕಟ್ಟಿಸುವ ಸೂಜಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಬುಡದ ಕೊನೆಯ ಬೀದಿಯಲ್ಲಿ ಹಳೆಯ ಸ್ಕೂಟರೊಂದು ಕೆಮ್ಮುತ್ತಾ ಏರು ಹತ್ತುತ್ತದೆ. ಆ ಸದ್ದು ಕೇಳಿದ್ದೇ ತಡ, ಮೂಲೆ ಮನೆಯ ಕಂದು ನಾಯಿ ಎದ್ದು ಒಳಗೋಡಿ ಮಂಚದ ಕೆಳಗೆ ನುಸುಳುತ್ತದೆ. ಸ್ಕೂಟರ್ ನಿಲ್ಲಿಸಿದ ಹೆಂಗಸು ಹೆಗಲಿನ ಐಸ್ ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಆ ಮನೆ ತನ್ನದೇ ಎಂಬಂತೆ ಒಳಗೆ ನಡೆಯುತ್ತಾರೆ. ಮರುಕ್ಷಣ ಅವರೂ ನೆಲಕ್ಕೆ ಬೋರಲು ಮಲಗಿದ್ದಾರೆ. ಅರ್ಧ ಮೈ ಮಂಚದ ಕೆಳಗಿದೆ, ಪಾದಗಳೆರಡು ಹೊರಗೆ ಕಾಣುತ್ತಿವೆ.

"ಬಾರೋ ರಾಜಾ. ನಿನ್ನ ನಾಟಕ ನಂಗೆ ಗೊತ್ತಿಲ್ವಾ? ಹೋದ ವರ್ಷಾನೂ ಇಲ್ಲೇ ಕೂತಿದ್ದೆ ನೀನು."

ಮಂಚದ ಕೆಳಗೆ ಒಂದಿಷ್ಟು ಗುರುಗುಟ್ಟುವಿಕೆ, ಒಂದಿಷ್ಟು ಮುದ್ದು ಮಾತು. ನಾಯಿಗೆ ಸೂಜಿ ಚುಚ್ಚಿದ್ದು ಗೊತ್ತಾಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹೊರಗೆ ಬಂದವರು ಮೊಣಕೈ ಧೂಳು ಕೊಡವಿಕೊಂಡು ಆ ಮನೆಯ ಅಜ್ಜಿಯ ಕಡೆ ತಿರುಗುತ್ತಾರೆ.

"ಅಜ್ಜಿ, ರಾತ್ರಿ ಕಟ್ಟಿದ್ರಾ ಇವನನ್ನ?"

"ಕಟ್ಟಿದ್ದೆ ಕಣಮ್ಮಾ, ದೇವರಾಣೆಗೂ ಕಟ್ಟಿದ್ದೆ."

"ಹಂಗಾದ್ರೆ ಕಾಲಿಗೆಲ್ಲ ಈ ಮುಳ್ಳುಬೀಜ ಎಲ್ಲಿಂದ ಬಂತು? ನಿಮ್ಮ ಮಂಚದ ಕೆಳಗೆ ಕಾಡು ಬೆಳೆದಿದ್ಯಾ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಸಿಕ್ಕಿಬಿದ್ದವರ ನಗು ಅದು. ನಾಳೆಯಿಂದ ತಪ್ಪದೆ ಕಟ್ಟುತ್ತೇನೆ ಎಂದು ಮಾತು ಕೊಡುತ್ತಾರೆ. ಕೊಟ್ಟ ಮಾತಿಗೆ ಒಂದು ಲೋಟ ಚಹಾ ಕೂಡ ಸೇರುತ್ತದೆ.

ಈ ಊರಿನಲ್ಲಿ ಆಕೆ 'ಸೂಜಿ ಅಕ್ಕ'. ಪಶು ಆಸ್ಪತ್ರೆಯಲ್ಲಿ ಅವರ ಹುದ್ದೆ ಸಹಾಯಕಿಯದು. ನೆಲ ಒರೆಸುವುದು, ಮೇಜು ತೊಳೆಯುವುದು, ಒದೆಯುವ ಹಸುವನ್ನು ಹಿಡಿದುಕೊಳ್ಳುವುದು. ಅದೆಲ್ಲ ಶುರುವಾಗುವ ಮುಂಚೆ, ಹೊತ್ತು ಮೂಡುವ ಮೊದಲೇ ಅವರು ಈ ಕೆಲಸಕ್ಕೆ ಹೊರಡುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮನೆ. ನಾಯಿಗಳಿಗೆ ಲಸಿಕೆ ಹಾಕುವುದು ಕೆಲಸದ ಸುಲಭದ ಭಾಗ. ಕತ್ತಲಾದ ಮೇಲೆ ಅವನ್ನು ಕಟ್ಟಿ ಹಾಕುವಂತೆ ಮನುಷ್ಯರನ್ನು ಒಪ್ಪಿಸುವುದೇ ಕಷ್ಟದ ಭಾಗ. ಇದೆಲ್ಲ ಯಾರಿಗಾಗಿ ಎಂದರೆ ಊರಿನ ಮುಕ್ಕಾಲು ಪಾಲು ಜನ ಕಣ್ಣಾರೆ ಕಂಡೇ ಇಲ್ಲದ ಒಂದು ಪ್ರಾಣಿಗಾಗಿ.

ಊರವರು ಅದನ್ನು ಕುಳ್ಳ ಜಿಂಕೆ ಎನ್ನುತ್ತಾರೆ. ಪೂರ್ತಿ ಬೆಳೆದರೂ ನಮ್ಮ ಮೊಣಕಾಲಿಗಿಂತ ತುಸು ಎತ್ತರ, ಅಷ್ಟೆ. ಬೆಟ್ಟದ ಮೇಲ್ಭಾಗದ ತಣ್ಣನೆಯ ದಟ್ಟ ಕಾಡು ಬಿಟ್ಟು ಬೇರೆಲ್ಲೂ ಬದುಕದ, ಒಂಟಿಯಾಗಿ ತಿರುಗುವ, ಎಲೆ ಅಲುಗಿದರೂ ಬೆಚ್ಚುವ ಜೀವ. ವರ್ಷಕ್ಕೆ ಒಂದೇ ಮರಿ. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿ ಬಹಳ ಕಾಲವಾಗಿದೆ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಇವುಗಳ ಅಧ್ಯಯನ ಮಾಡುವ ಸಂಶೋಧಕರೊಬ್ಬರು ಹೇಳುತ್ತಾರೆ: "ಮರ ಕಡಿಯೋದು ನಿಂತಿತ್ತು, ಉರುಳು ಹಾಕೋರೂ ಕಮ್ಮಿಯಾಗಿದ್ರು. ಆದ್ರೂ ಜಿಂಕೆ ಕಮ್ಮಿಯಾಗ್ತಾನೇ ಇತ್ತು. ನಮಗೆ ತಲೆಬುಡ ಅರ್ಥ ಆಗ್ಲಿಲ್ಲ. ಕಡೆಗೆ ಕ್ಯಾಮೆರಾದಲ್ಲಿ ಬಿದ್ದಿದ್ದು ಯಾರು ಅಂದ್ರೆ ನಾಯಿಗಳು. ಕಾಡು ನಾಯಿ ಅಲ್ಲ, ಮನೆ ನಾಯಿ. ಬೆಳಗಿನ ಜಾವ ಗುಂಪು ಕಟ್ಕೊಂಡು ಬೆಟ್ಟ ಹತ್ತಿ, ಬಿಸಿಲೇರೋ ಹೊತ್ತಿಗೆ ಏನೂ ಗೊತ್ತಿಲ್ಲದೋರ ಹಂಗೆ ಬಂದು ಬಾಗಿಲಲ್ಲಿ ಮಲಗ್ತಿದ್ವು."

ಆರು ವರ್ಷದ ಹಿಂದೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಗೋಣಿಚೀಲದಲ್ಲಿ ಒಂದು ಹೆಣ್ಣು ಜಿಂಕೆಯನ್ನು ಸುತ್ತಿಕೊಂಡು ಆಸ್ಪತ್ರೆಗೆ ತಂದಾಗ ಸೂಜಿ ಅಕ್ಕ ನೆಲ ಒರೆಸುತ್ತಿದ್ದರು. ಆಸ್ಪತ್ರೆಯ ಡಾಕ್ಟರಮ್ಮ, "ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದರು. ಹಿಡಿದುಕೊಂಡರು. ಮೈಮೇಲೆ ಅಂಥ ದೊಡ್ಡ ಗಾಯವೇನೂ ಇರಲಿಲ್ಲ. ತೊಡೆಯ ಹತ್ತಿರ ಹಲ್ಲು ಕಂತಿದ ಗುರುತು ಮಾತ್ರ. ಆದರೂ ಅದು ಬದುಕಲಿಲ್ಲ. ನಾಯಿಗಳು ಅಟ್ಟಿಸಿಕೊಂಡು ಬಂದ ಹೆದರಿಕೆಗೆ ಎದೆ ನಿಂತುಹೋಗಿದೆ ಎಂದು ಡಾಕ್ಟರಮ್ಮ ಹೇಳಿದರು. ಹೊಟ್ಟೆಯಲ್ಲಿ ಮರಿ ಇತ್ತು.

"ಅವತ್ತು ಮನೆಗೆ ಹೋದ್ಮೇಲೆ ಊಟ ಸೇರ್ಲಿಲ್ಲ" ಎನ್ನುತ್ತಾರೆ ಸೂಜಿ ಅಕ್ಕ. "ನಾಯಿಗಳಿಗೆ ಶಾಪ ಹಾಕೋಣ ಅಂದ್ರೆ ಅದಕ್ಕೂ ಬಾಯಿ ಬರ್ಲಿಲ್ಲ. ಅವಕ್ಕೇನು ಗೊತ್ತು ಪಾಪ? ಬಿಟ್ಟಿದ್ದು ನಾವು, ಹೋಗಿದ್ದು ಅವು."

ಕೆಲವೇ ವಾರದಲ್ಲಿ ಅರಣ್ಯ ಇಲಾಖೆಯವರು ಶಾಲೆಯ ಸಭಾಂಗಣದಲ್ಲಿ ಊರವರನ್ನು ಸೇರಿಸಿದರು. ಬೆಟ್ಟದಲ್ಲಿ ಕಂಡ ನಾಯಿಗಳನ್ನೆಲ್ಲ ಹಿಡಿದು ಸಾಗಿಸುತ್ತೇವೆ ಎಂದರು. ಸಭೆ ರಣರಂಗವಾಯಿತು. ನಾಯಿ ಮುಟ್ಟಿದರೆ ಕೈ ಮುರಿಯುತ್ತೇವೆ ಎಂದವರುಂಟು. ಆ ಜಿಂಕೆಗಳನ್ನೇ ಬೇರೆ ಕಡೆ ಸಾಗಿಸಿ ಎಂದವರೂ ಉಂಟು. ಹಿಂದೆ ಗೋಡೆಗೊರಗಿ ನಿಂತಿದ್ದ ಸೂಜಿ ಅಕ್ಕ ಕೈ ಎತ್ತಿದ್ದು ಆಗಲೇ.

"ಅದೇನು ಧೈರ್ಯ ಬಂತೋ! ಮೊದ್ಲು ಕಟ್ಟಿ ನೋಡೋಣ, ಮನೆಮನೆಗೂ ನಾನೇ ಹೋಗಿ ಹೇಳ್ತೀನಿ ಅಂದ್ಬಿಟ್ಟೆ. ಹೇಳಿ ಕೂತ್ಮೇಲೆ ನಮ್ಮ ಡಾಕ್ಟರಮ್ಮನ ಮುಖ ನೋಡ್ದೆ. ಅವರು ನಕ್ಕರು. ಸದ್ಯ, ಕೆಲಸ ಹೋಗಲ್ಲ ಅಂದ್ಕೊಂಡೆ."

ಡಾಕ್ಟರಮ್ಮನೇ ಅವರಿಗೆ ಸೂಜಿ ಹಾಕುವುದನ್ನು ಕಲಿಸಿದರು. ಮೊದಮೊದಲು ಸೂಜಿ ನಾಯಿಗೆ ಚುಚ್ಚಿದ್ದಕ್ಕಿಂತ ತಮ್ಮ ಹೆಬ್ಬೆರಳಿಗೆ ಚುಚ್ಚಿಕೊಂಡಿದ್ದೇ ಹೆಚ್ಚು. ಇಬ್ಬರೂ ಕೂತು ಯೋಚಿಸಿ ಊರಿಗೆ ಹೇಳುವ ಮಾತನ್ನು ಚಿಕ್ಕದು ಮಾಡಿಕೊಂಡರು: ನಾಯಿಯ ರೋಗ ಕಾಡಿಗೆ ದಾಟದಂತೆ ವರ್ಷಕ್ಕೊಮ್ಮೆ ಲಸಿಕೆ, ಸಂಜೆ ಹೊಟ್ಟೆ ತುಂಬ ಊಟ, ಕತ್ತಲಾದಾಗಿನಿಂದ ಬಿಸಿಲು ಬರುವವರೆಗೆ ಹಗ್ಗ. ಸಂಜೆಯ ಊಟದ ಮಾತು ಅನೇಕರಿಗೆ ಹೊಸದು. ಅಲ್ಲಿಯವರೆಗೆ ನಾಯಿ ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತದೆ ಎಂದೇ ಹಲವರು ನಂಬಿದ್ದರು. ಅದು ಹಾಗೆ ನೋಡಿಕೊಳ್ಳುತ್ತಲೂ ಇತ್ತು, ಬೆಟ್ಟ ಹತ್ತಿ.

ನಾಯಿಗಳ ಕತ್ತುಪಟ್ಟಿಯ ಹೊಣೆ ಸೂಜಿ ಅಕ್ಕನ ಯಜಮಾನರದು. ಅವರು ವಾಹನಗಳ ಸೀಟು ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಬಸ್ಸಿನ ಬಿಚ್ಚಿದ ಸೀಟುಗಳು, ಎಲ್ಲೆಲ್ಲೂ ಫೋಮಿನ ಚೂರು. ಉಳಿದ ರೆಕ್ಸಿನ್ ತುಂಡುಗಳನ್ನು ಮಡಿಸಿ ಹೊಲಿದು ಅವರು ಪಟ್ಟಿ ಮಾಡುತ್ತಾರೆ. ಹೀಗಾಗಿ ಈ ಊರಿನ ನಾಯಿಗಳ ಕತ್ತಿಗೂ ಊರಿನ ಬಸ್ಸಿನ ಸೀಟಿಗೂ ಒಂದೇ ಬಣ್ಣ. "ಮದುವೆಯಾದಾಗ ನಂಗೊಂದು ಕೈಚೀಲ ಹೊಲಿದುಕೊಡಿ ಅಂದಿದ್ದೆ. ಇನ್ನೂ ಆಗಿಲ್ಲ. ಊರ ನಾಯಿಗಳಿಗೆಲ್ಲ ಆಯ್ತು" ಎಂದು ಸೂಜಿ ಅಕ್ಕ ದೂರುತ್ತಾರೆ. ಯಜಮಾನರು ಯಂತ್ರದಿಂದ ತಲೆ ಎತ್ತದೆ, "ನೀನು ಕಚ್ಚಲ್ವಲ್ಲ, ಅದಕ್ಕೇ ತಡ" ಎನ್ನುತ್ತಾರೆ.

ಒಂದೊಂದಾಗಿ ಬೀದಿಗಳು ಒಪ್ಪಿದವು. ಒಪ್ಪದೆ ಉಳಿದದ್ದು ಒಂದು ಮನೆ, ಕಾಡಿಗೆ ಅಂಟಿಕೊಂಡಿರುವ ಕುರಿಯವರ ಮನೆ. ಅದು ಸೂಜಿ ಅಕ್ಕನ ತವರು. ಅಲ್ಲಿರುವುದು ಅವರ ಒಡಹುಟ್ಟಿದ ಅಣ್ಣ.

ಅಣ್ಣನ ಮಾತಿನಲ್ಲೂ ಹುರುಳಿತ್ತು. ರಾತ್ರಿ ನರಿ ಬಂದು ಕುರಿಮರಿ ಎಳೆದೊಯ್ಯುವುದು ಸುಳ್ಳಲ್ಲ. "ನಾಯಿ ಕಟ್ಟಿದ್ರೆ ನನ್ನ ಮಂದೆ ಯಾರು ಕಾಯ್ತಾರೆ? ನಿನ್ನ ಜಿಂಕೆ ಬಂದು ಕಾಯುತ್ತಾ?" ಎಂದು ತಂಗಿಯನ್ನು ಕೇಳುತ್ತಿದ್ದರು. ಲಸಿಕೆಗೆ ಮಾತ್ರ ಬೇಡ ಅನ್ನಲಿಲ್ಲ. ನಾಯಿಗಳಿಗೆ ಕತ್ತುಪಟ್ಟಿಯನ್ನೂ ಹಾಕಿಸಿದರು, ತಂಗಿಯ ಗಂಡ ಹೊಲಿದದ್ದು ಎಂಬ ಕಾರಣಕ್ಕೆ. ಅಣ್ಣನ ಅಚ್ಚುಮೆಚ್ಚಿನ ನಾಯಿ 'ಕರಿಯ'ನಿಗೆ ಯಜಮಾನರು ವಿಶೇಷವಾಗಿ ಹಳದಿ ರೆಕ್ಸಿನ್‌ನಲ್ಲಿ ಹೊಲಿದುಕೊಟ್ಟಿದ್ದರು. ಅಂಥದ್ದು ಊರಲ್ಲಿ ಇನ್ನೊಂದಿರಲಿಲ್ಲ.

ಎರಡು ವರ್ಷದ ಹಿಂದೆ ಬೆಟ್ಟದ ಮೇಲೆ ಒಂದು ಮರಿ ಜಿಂಕೆ ಸತ್ತು ಬಿದ್ದಿತ್ತು. ಪಕ್ಕದ ಪೊದೆಯಲ್ಲಿ ಹರಿದ ಹಳದಿ ಪಟ್ಟಿ. ಗಾರ್ಡ್ ಅದನ್ನು ಆಸ್ಪತ್ರೆಗೆ ತಂದು ಸೂಜಿ ಅಕ್ಕನ ಮುಂದೆ ಹಿಡಿದು ಕೇಳಿದರು, "ಇದು ಯಾರ ಮನೆ ನಾಯೀದು?"

"ಗೊತ್ತಿಲ್ಲ ಅನ್ನಬಹುದಿತ್ತು" ಎನ್ನುತ್ತಾರೆ ಅವರು. ಇಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವರ ದನಿ ಇಲ್ಲಿ ತಗ್ಗುತ್ತದೆ. "ಊರವರ ಮನೆ ನಾಯಿ ಆಗಿದ್ರೆ ಹೇಳ್ತಿರ್ಲಿಲ್ವಾ? ಹೇಳ್ತಿದ್ದೆ. ಅಣ್ಣಂದು ಅಂತ ಮುಚ್ಚಿಟ್ರೆ ಮಾರನೇ ದಿನ ಯಾವ ಮುಖ ಇಟ್ಕೊಂಡು ಇನ್ನೊಬ್ಬರ ಬಾಗ್ಲಿಗೆ ಹೋಗ್ಲಿ? ಹೇಳ್ದೆ. ಹೇಳಿ ಒಳಗೆ ಹೋಗಿ ಅತ್ತೆ."

ಕರಿಯನನ್ನು ಹಿಡಿದು ಪಟ್ಟಣದ ಪ್ರಾಣಿ ಆಶ್ರಯಕ್ಕೆ ಒಯ್ದರು. ಅಣ್ಣ ಏನೂ ಕೂಗಾಡಲಿಲ್ಲ. ವ್ಯಾನಿನ ಬಾಗಿಲು ಮುಚ್ಚುವಾಗ ತಂಗಿಯನ್ನು ಒಮ್ಮೆ ನೋಡಿ ಒಳಗೆ ಹೋದರು. ಅವತ್ತಿನಿಂದ ಮಾತು ನಿಂತಿತು. ಅತ್ತಿಗೆ ದಾರಿಯಲ್ಲಿ ಸಿಕ್ಕರೆ ಕಣ್ಣಲ್ಲೇ ಕ್ಷೇಮ ಕೇಳಿ ಸರಿದು ಹೋಗುತ್ತಿದ್ದರು.

ಸೂಜಿ ಅಕ್ಕ ಪ್ರತಿ ರಜಾದಿನ ಬಸ್ಸು ಹತ್ತಿ ಆಶ್ರಯಕ್ಕೆ ಹೋದರು. ಕರಿಯ ಊಟ ಬಿಟ್ಟಿದ್ದ. ತವರುಮನೆಯ ಧಾಟಿಯಲ್ಲಿ ಬೈದರೆ ಮಾತ್ರ ತಿನ್ನುತ್ತಿದ್ದ. "ಅಣ್ಣ ಬೈಯೋ ಹಂಗೇ ಬೈತಿದ್ದೆ. ಏ ಸೋಮಾರಿ, ಏ ದಂಡಪಿಂಡ, ತಿನ್ನೋ! ಆಗ ಬಾಲ ಆಡಿಸ್ತಿತ್ತು. ಅಲ್ಲಿನ ಹುಡುಗಿಯರು ನಗ್ತಿದ್ರು." ಅತ್ತ ಇಲಾಖೆಯ ಬೆನ್ನು ಬಿದ್ದದ್ದು ಡಾಕ್ಟರಮ್ಮ ಮತ್ತು ಸಂಶೋಧಕರು. ನಾಯಿ ವಾಪಸ್ಸು ಬರಬೇಕಾದರೆ ರಾತ್ರಿ ಅದು ಹೊರಗೆ ಹೋಗಬಾರದು, ನರಿಯೂ ಒಳಗೆ ಬರಬಾರದು. ಎರಡಕ್ಕೂ ಒಂದೇ ಪರಿಹಾರ: ಎತ್ತರದ ಜಾಲರಿಯ, ತಗಡಿನ ಮಾಡಿನ, ಬಾಗಿಲು ಬಿಗಿಯಾದ ಕುರಿದೊಡ್ಡಿ. ನಾಯಿ ಕುರಿಗಳ ಜೊತೆ ಅದರೊಳಗೇ ಮಲಗಬೇಕು. ಇಲಾಖೆ ಜಾಲರಿ ಕೊಟ್ಟಿತು, ಸೀಟು ಹೊಲಿಯುವ ಯಜಮಾನರು ಬಾಗಿಲು ಕೂಡಿಸಲು ಹೋದರು. ಭಾವ-ಮೈದುನ ಇಬ್ಬರೂ ಮೂರು ದಿನ ಕೆಲಸ ಮಾಡಿದರು. ಮೊಳೆ, ಸುತ್ತಿಗೆ ಬಿಟ್ಟು ಬೇರೆ ಮಾತೇ ಆಡಲಿಲ್ಲವಂತೆ.

ಕರಿಯ ಮನೆಗೆ ಬಂದ. ಅವನನ್ನು ಕರೆತಂದ ಸೂಜಿ ಅಕ್ಕ ಗೇಟಿನ ಹೊರಗೇ ನಿಂತರು. ಹಗ್ಗ ತೆಗೆದುಕೊಳ್ಳಲು ಅತ್ತಿಗೆ ಬಂದರು, ಅಣ್ಣ ಬರಲಿಲ್ಲ.

ಆ ಸಲದ ಲಸಿಕೆಗೆ ಅವರು ಎಲ್ಲ ಬೀದಿ ಮುಗಿಸಿ, ಆ ಮನೆಗೆ ಮಾತ್ರ ಡಾಕ್ಟರಮ್ಮನನ್ನು ಕಳಿಸೋಣ ಎಂದುಕೊಂಡರು. ಒಂದು ಬೆಳಿಗ್ಗೆ ಆಸ್ಪತ್ರೆಯ ಮೇಜು ತೊಳೆಯುತ್ತಿದ್ದಾಗ ಫೋನ್ ಬಂತು. ಆ ಕಡೆ ಬಹಳ ಹೊತ್ತು ಕೆಮ್ಮು. ಆಮೇಲೆ ಅಣ್ಣನ ದನಿ:

"ಊರಿಗೆಲ್ಲ ಸೂಜಿ ಆಯ್ತಂತೆ. ನಮ್ಮನೆ ಏನು ಊರಲ್ಲಿಲ್ವಾ?"

"ಬರ್ತೀನಣ್ಣ."

"ಯಾವಾಗ?"

"ಈಗ್ಲೇ ಬರ್ಲಾ?"

"ಊಟದ ಹೊತ್ತಿಗೆ ಬಾ. ನಿಮ್ಮತ್ತಿಗೆ ಮಾಡಿಟ್ಟಿದಾಳೆ."

ಹೇಳುತ್ತಾ ಸೂಜಿ ಅಕ್ಕ ನಗುತ್ತಾರೆ, ಕಣ್ಣೂ ಒರೆಸಿಕೊಳ್ಳುತ್ತಾರೆ. ಆ ದಿನ ಅವರು ಮೊದಲ ಸೂಜಿಯನ್ನು ಕರಿಯನ ಬದಲು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡರಂತೆ. ಕರಿಯನನ್ನು ಹಿಡಿದುಕೊಂಡಿದ್ದ ಅಣ್ಣ, "ಇಷ್ಟು ವರ್ಷ ಇದೇನಾ ಮಾಡಿದ್ದು ನೀನು?" ಎಂದು ರೇಗಿಸಿದರು. ಊಟವಾದ ಮೇಲೆ ದೊಡ್ಡಿ ತೋರಿಸಿದರು. ಕಟ್ಟಿದ ಮೇಲೆ ಒಂದು ಮರಿಯೂ ನರಿಯ ಪಾಲಾಗಿರಲಿಲ್ಲ. ಅದನ್ನು ಹೇಳುವಾಗ ಅವರು ತಂಗಿಯ ಮುಖ ನೋಡದೆ ಬಾಗಿಲ ಚಿಲಕವನ್ನೇ ನೋಡುತ್ತಿದ್ದರು.

ಈಗ ಬೆಳಗಿನ ಜಾವದ ಕ್ಯಾಮೆರಾಗಳಲ್ಲಿ ನಾಯಿಗಳು ಅಪರೂಪ. ಈ ವರ್ಷ ಊರಿನ ಕಡೆಯ ಇಳಿಜಾರಿನಲ್ಲಿ, ಬಹಳ ಕಾಲದ ನಂತರ, ತಾಯಿಯ ಹಿಂದೆ ಹೆಜ್ಜೆ ಹಾಕುವ ಚುಕ್ಕೆಮೈಯ ಮರಿಗಳು ಕಂಡಿವೆ. ಒಂದಲ್ಲ, ಬೇರೆ ಬೇರೆ ಕಡೆ. ಹಾಗೆಂದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಜಿಂಕೆಯ ಸ್ಥಾನವೇನೂ ಬದಲಾಗಿಲ್ಲ. "ಒಂದು ಬೆಟ್ಟದ ಸುದ್ದಿ ಇಟ್ಕೊಂಡು ಅಪಾಯ ಕಳೀತು ಅನ್ನೋಕಾಗಲ್ಲ. ಇನ್ನೂ ಹತ್ತಾರು ವರ್ಷ ಬೇಕು. ಆದ್ರೆ ನನ್ನ ಸರ್ವೀಸಲ್ಲಿ ಜಿಂಕೆ ಲೆಕ್ಕದ ಗೆರೆ ಮೇಲಕ್ಕೆ ಹೋಗಿದ್ದು ಇದೇ ಮೊದಲು" ಎನ್ನುತ್ತಾರೆ ಸಂಶೋಧಕರು.

ಪಟ್ಟಿಯ ವಿಷಯ ಸೂಜಿ ಅಕ್ಕನಿಗೆ ಮೊದಲು ವಿಚಿತ್ರವಾಗಿ ಕಂಡಿತ್ತು. "ನಾವು ಜೀವಮಾನ ಪೂರ್ತಿ ಪಟ್ಟೀಲಿ ಹೆಸರು ಬರ್ಲಿ ಅಂತ ಆಫೀಸು ಆಫೀಸು ಅಲೀತೀವಿ. ಇದಕ್ಕೆ ನೋಡಿ, ಹೆಸರು ಹೋದ್ರೇನೇ ಒಳ್ಳೇದಂತೆ!"

ಪಕ್ಕದ ಕಣಿವೆಯ ಊರಿನವರು ಈಗ ಅವರನ್ನು ಕರೆಯುತ್ತಿದ್ದಾರೆ. ಅಲ್ಲಿಯ ಇಬ್ಬರು ಹೆಂಗಸರಿಗೆ ಕೆಲಸ ಕಲಿಸಲು ಮುಂದಿನ ತಿಂಗಳು ಹೊರಡಲಿದ್ದಾರೆ. ಸ್ಕೂಟರ್ ಅಷ್ಟು ದೂರ ಎಳೆಯುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ.

ಹೊರಡುವ ಮುನ್ನ ಕೇಳುತ್ತೇನೆ: ಕಾಡಿನಲ್ಲಿ ಓಡಾಡುವ ಕುಳ್ಳ ಜಿಂಕೆಯನ್ನು ಇಷ್ಟು ವರ್ಷದಲ್ಲಿ ಎಷ್ಟು ಸಲ ನೋಡಿದ್ದೀರಿ?

"ಒಂದ್ಸಲಾನೂ ಇಲ್ಲ" ಎನ್ನುತ್ತಾರೆ, ಐಸ್ ಡಬ್ಬಿಯ ಮುಚ್ಚಳ ಒತ್ತುತ್ತಾ. ನನ್ನ ಮುಖ ಕಂಡು ಅವರಿಗೆ ನಗು ಬರುತ್ತದೆ. "ಹೆಂಗೆ ನೋಡ್ಲಿ ಹೇಳಿ? ಬಟ್ಟೆ, ಕೈ, ತಲೆಗೂದಲು ಎಲ್ಲ ನಾಯಿ ವಾಸನೆ. ಎಷ್ಟು ತಿಕ್ಕಿ ಸ್ನಾನ ಮಾಡಿದ್ರೂ ಹೋಗಲ್ಲ. ನಾನು ಆ ಕಡೆ ಕಾಲಿಟ್ರೆ ಮೈಲಿ ದೂರದಿಂದ್ಲೇ ಅದಕ್ಕೆ ಗೊತ್ತಾಗುತ್ತೆ, ಓಡೋಗುತ್ತೆ."

ಸ್ಕೂಟರಿಗೆ ಎರಡು ಸಲ ಒದೆಯುತ್ತಾರೆ. ಮೂರನೆಯದಕ್ಕೆ ಅದು ಹಿಡಿಯುತ್ತದೆ.

"ಓಡ್ಲಿ ಬಿಡಿ. ಓಡೋಕೆ ಅದು ಅಲ್ಲಿದ್ರೆ ಸಾಕು ನಂಗೆ."