ಅಗಸಿಯ ಹದಿನೇಳನೆಯ ಕಲ್ಲು

ಅಗಸಿ ಕೆಡವುವ ದಿನ ಗೌಂಡಿ ಹುಸೇನಪ್ಪ ಮೊದಲು ಹಾರೆ ಮುಟ್ಟಲಿಲ್ಲ. ಉಳಿ ಹಿಡಿದು ಒಂದೊಂದು ಕಲ್ಲಿನ ಮೇಲೂ ಅಂಕಿ ಕೆತ್ತುತ್ತ ಹೋದ. ಖಜೂರಿ ಹತ್ತಿರದ ನಮ್ಮೂರಿಗೆ ಬಸ್ಸು ಬರಲು ಆ ಹಳೆಯ ಊರಬಾಗಿಲು ಇಕ್ಕಟ್ಟಾಗಿತ್ತು. ಎಂಬತ್ತರ ದಶಕದ ಮಾತು. ಅದನ್ನು ತೆಗೆಸಿರೆಂದು ಅರ್ಜಿ ಬರೆದವನು ಶಾಲಾ ಮಾಸ್ತರನಾಗಿದ್ದ ನಾನೇ.

“ಏನ್ ಕಾಕಾ, ಕಲ್ಲಿಂದೂ ಹಾಜರಿ ತಗೊಳ್ಳಾಕತ್ತಿಯೇನು?” ಎಂದು ನಕ್ಕೆ.

“ಹೌದ್ರೀ ಮಾಸ್ತರ,” ಎಂದ ಅವನು, ತಲೆ ಎತ್ತದೆ. “ನಮ್ಮ ಮುತ್ಯಾನ ಮುತ್ಯಾ ಕಟ್ಟಿದ್ದದು. ನಾಳೆ ಯಾರಿಗರ ಬುದ್ಧಿ ಬಂದು ತಿರುಗಿ ಕಟ್ತೀವಿ ಅಂದ್ರ, ಯಾವ ಕಲ್ಲು ಎಲ್ಲೀದು ಅಂತ ಗೊತ್ತಾಗಬೇಕಲ್ರೀ.”

ಸಂಜೆಯೊಳಗೆ ಅಗಸಿ ರಾಶಿಯಾಗಿ ಬಿದ್ದಿತ್ತು. ವಾರದಲ್ಲಿ ಬಸ್ಸು ಬಂತು, ಊರೆಲ್ಲ ಕುಂಕುಮ ಹಚ್ಚಿ ಕಾಯಿ ಒಡೆಯಿತು. ಕಲ್ಲುಗಳನ್ನು ಮಾತ್ರ ಯಾರೂ ಕಾಯಲಿಲ್ಲ. ಒಬ್ಬರು ಕಟ್ಟೆಗೆ ಒಯ್ದರು, ಒಬ್ಬರು ದನದ ಕೊಟ್ಟಿಗೆಗೆ. ನಾನೂ ಒಂದನ್ನು ತರಿಸಿ ಬಚ್ಚಲಿಗೆ ಹಾಸಿದೆ.

ಹುಸೇನಪ್ಪ ತೀರಿಕೊಂಡು ವರ್ಷಗಳಾದವು. ನೀರು ಬಿದ್ದು ಬಿದ್ದು ಕಲ್ಲು ನುಣುಪಾಗಿದೆ, ಅವನು ಕೆತ್ತಿದ ಹದಿನೇಳು ಅಳಿದಿಲ್ಲ. ಸ್ನಾನಕ್ಕೆ ನಿಂತಾಗ ಅದು ಅಂಗಾಲಿಗೆ ತಾಗುತ್ತದೆ. ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.