ಸುಧಾಕರನ ಮೈಮೇಲೆ ನನ್ನ ತಲೆ

ನನ್ನ ಒಬ್ಬಳೇ ತಂಗಿ ವಾರಿಜಳ ಮದುವೆಯಲ್ಲಿ ಅವಳ ಬೊಗಸೆಗೆ ಅರಳು ಹಾಕಬೇಕಾದವನು ನಾನು, ಹಾಕಲಿಲ್ಲ. ಹೋಮದ ಮುಂದೆ ನಿಂತ ಮದುಮಗಳ ಕೈಗೆ ಅವಳ ಅಣ್ಣನೋ ತಮ್ಮನೋ ಭತ್ತದ ಅರಳು ಸುರಿಯಬೇಕು, ಅವಳು ಅದನ್ನು ಅಗ್ನಿಗೆ ಅರ್ಪಿಸಬೇಕು. ಇಡೀ ಮದುವೆಯಲ್ಲಿ ಅಣ್ಣನಾದವನಿಗೆಂದು ಶಾಸ್ತ್ರ ಬಿಟ್ಟುಕೊಟ್ಟ ಕೆಲಸ ಇಷ್ಟೇ. ಎಂಟನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದ ನನ್ನಂಥವನೂ ಒಂದು ಮಂತ್ರ ಬಾರದೆ ಮಾಡಿ ಮುಗಿಸಬಹುದಾದ ಕೆಲಸ. ಆ ಹೊತ್ತಿನಲ್ಲಿ ನಾನು ಮದುವೆ ಹಾಲಿನಿಂದ ಎರಡು ಗಲ್ಲಿ ಆಚೆ, ಜರಿಪಂಚೆ ಉಟ್ಟು, ಶಲ್ಯ ಹೊದ್ದು, ಒಂದು ಸೀಮೆಎಣ್ಣೆ ಡ್ರಮ್ಮನ್ನು ಅಳಿಸುತ್ತ ಕೂತಿದ್ದೆ.

ಗಾಬರಿಯಾಗಬೇಡಿ, ಡ್ರಮ್ಮು ಇದ್ದದ್ದು ಫೋಟೋದಲ್ಲಿ. ಮುಂಬಯಿಯ ದಾದರಿನ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಅಕ್ಷರ ಕತ್ತರಿಸಿ ಅಂಟಿಸುವುದು ನನ್ನ ಉದ್ಯೋಗ. ತೊಂಬತ್ತರ ದಶಕ ಶುರುವಾಗಿ ಸ್ವಲ್ಪ ದಿನಕ್ಕೆ ನಮ್ಮ ಸೇಠ್ ಒಂದು ಕಂಪ್ಯೂಟರ್ ತಂದು ಪ್ರತಿಷ್ಠಾಪಿಸಿದರು. ಪ್ರತಿಷ್ಠಾಪನೆಯೆಂದರೆ ಅಲಂಕಾರದ ಮಾತಲ್ಲ. ಪ್ಲೈವುಡ್ಡಿನ ಗರ್ಭಗುಡಿ ಕಟ್ಟಿಸಿ, ಎ.ಸಿ. ಕೂರಿಸಿ, ತೆಂಗಿನಕಾಯಿ ಒಡೆದು, ಪರದೆಯ ನೆತ್ತಿಗೆ ಕುಂಕುಮ ಹಚ್ಚಿದರು. ಬಾಗಿಲಲ್ಲಿ ಯಾರ ತಲೆ ಕಂಡರೂ "ಚಪ್ಪಲ್ ಬಾಹರ್, ಚಪ್ಪಲ್ ಬಾಹರ್!" ಎಂದು ಕೂಗುವರು. ಮೌಸಿಗೆ ನನ್ನ ಬೆರಳು ತಗಲಿದ ಮೊದಲ ದಿನ ಪರದೆಯ ಮೇಲಿನ ಬಾಣವನ್ನು ಬಲಕ್ಕೆ ಓಡಿಸುತ್ತ ಓಡಿಸುತ್ತ ಕೈ ಮೇಜಿನ ಅಂಚು ದಾಟಿತು, ಬಾಣ ನಿಂತಿತು. ಇನ್ನೂ ಉದ್ದನೆಯ ಮೇಜು ಬೇಕೆಂದು ನಾನು ಸೇಠರಿಗೆ ಸಲಹೆ ಕೊಟ್ಟೆ. ಮೌಸನ್ನು ಎತ್ತಿ ಹಿಂದಿಡಬಹುದೆಂದು ತಿಳಿದಾಗ ಆದ ಹರ್ಷವನ್ನು ಏನೆಂದು ಹೇಳಲಿ!

ಫೋಟೋ ತಿದ್ದುವ ಸಾಫ್ಟ್‌ವೇರ್ ಕಂಡಮೇಲಂತೂ ನಾನು ನೆಲದ ಮೇಲಿರಲಿಲ್ಲ. ಮೊಡವೆ ಒಂದೇ ಒತ್ತಿಗೆ ಮಾಯ! ಬೋಳುತಲೆಗೆ ಕೂದಲು! ಕುರ್ಲಾದಲ್ಲಿ ನಾವಿದ್ದ ಸಾಲುಮನೆ ಚಾಳಿನ ಮುಂದೆ ತೆಗೆದ ವಾರಿಜಳ ಫೋಟೋ ಒಂದಿತ್ತು. ನಗು ಚೆಂದ, ಬೆನ್ನ ಹಿಂದೆ ಡ್ರಮ್ಮು. ಡ್ರಮ್ಮು ತೆಗೆದು ಮದುವೆಯ ದಿನ ಉಡುಗೊರೆ ಕೊಡುವ ಆಸೆಯಾಯಿತು. ಮನೆಯವರೆಲ್ಲ ಹಿಂದಿನ ದಿನವೇ ದಾದರಿನ ಮದುವೆ ಹಾಲಿಗೆ ಹೋಗಿದ್ದರು, ಬೀಗ ಹಾಕಿ ಬರುವುದಕ್ಕೆ ನಾನು ಉಳಿದಿದ್ದೆ. ಬೆಳಿಗ್ಗೆ ದಾದರಿನಲ್ಲಿ ಇಳಿದಾಗ ಮುಹೂರ್ತಕ್ಕೆ ಬೇಕಾದಷ್ಟು ಹೊತ್ತಿತ್ತು, ಅಂಗಡಿಯ ಕೀಲಿ ಸೊಂಟದಲ್ಲಿತ್ತು.

ಹೊಸದಾಗಿ ಕಲಿಯುವವರು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು. ಅಳಿಸುವುದು ಸುಲಭ, ಅಳಿಸಿದ ಜಾಗದಲ್ಲಿ ಏನನ್ನು ಇಡುವುದು ಎನ್ನುವುದೇ ಸಂಕಟ. ಡ್ರಮ್ಮಿನ ಹಿಂದೆ ಗೋಡೆ ಇದ್ದಿರಬೇಕು, ಆದರೆ ಫೋಟೋಕ್ಕೆ ಅದು ಗೊತ್ತಿಲ್ಲ. ಪಕ್ಕದ ಗೋಡೆಯನ್ನು ಎತ್ತಿ ತಂದು ಮೆತ್ತಿದೆ, ಜೊತೆಗೆ ವಾರಿಜಳ ಮೊಣಕೈಯೂ ಬಂತು. ಮೂರು ಮೊಣಕೈಯ ಮದುಮಗಳು! ಆ ಕಾಲದ ಯಂತ್ರ ಕಟ್ಟಕಡೆಯ ತಪ್ಪೊಂದನ್ನು ಮಾತ್ರ ಹಿಂದೆ ಪಡೆಯುತ್ತಿತ್ತು, ಅದರ ಹಿಂದಿನದು ಶಾಶ್ವತ. ಮತ್ತೆ ಮೊದಲಿನಿಂದ ಹೊರಟೆ. ಕಿಟಕಿಯಿಲ್ಲದ ಕೋಣೆ, ತಣ್ಣನೆ ಗಾಳಿ, ಎದುರಿಗೆ ಡ್ರಮ್ಮಿಲ್ಲದ ಲೋಕವೊಂದು ನಿಧಾನವಾಗಿ ಮೂಡುತ್ತಿತ್ತು. ಬಾಗಿಲು ತೆರೆದು ಹೊರಬಂದಾಗ ಬಿಸಿಲು ನೆತ್ತಿ ದಾಟಿತ್ತು. ಹಾಲಿನಲ್ಲಿ ಎರಡನೆಯ ಪಂಕ್ತಿಗೆ ಸಾರು ಬಡಿಸುತ್ತಿದ್ದರು.

"ಎಲ್ಲಿ ಸತ್ತಿದ್ದಿ?" ಎಂದರು ಅಪ್ಪ.

"ಲೋಕಲ್ ರೈಲು ಕೆಟ್ಟು ನಿಂತಿತು," ಎಂದೆ.

ಮುಂಬಯಿಯಲ್ಲಿ ಲೋಕಲ್ಲಿನ ಮೇಲೆ ಹೊರಿಸಿದ ಸುಳ್ಳನ್ನು ಯಾರೂ ವಿಚಾರಿಸುವುದಿಲ್ಲ. ಬೈಯುವ ಬದಲು ಎಲ್ಲರೂ ಮರುಗಿದರು. "ಪಾಪ, ಬೆವರು ನೋಡಿ" ಎಂದು ಯಾರೋ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ನಾನು ತಿಂದೆ. ಡ್ರಮ್ಮಿಲ್ಲದ ಫೋಟೋ ಕೊಟ್ಟರೆ ಸುಳ್ಳು ಬಯಲಾಗುತ್ತಿತ್ತು, ಅದು ಯಂತ್ರದೊಳಗೇ ಉಳಿಯಿತು.

ಆಲ್ಬಮ್ಮು ಬಂದಾಗ ಅರಳಿನ ಫೋಟೋದಲ್ಲಿ ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗ ಸುಧಾಕರ ನಿಂತಿದ್ದ. ದಪ್ಪ ಹೊಟ್ಟೆ, ಬೆರಳಿಗೆಲ್ಲ ಉಂಗುರ. ಒಬ್ಬ ಬುದ್ಧಿವಂತನಾಗಿದ್ದರೆ ಆಗಲೇ ತಂಗಿಯ ಬಳಿ ನಿಜ ಹೇಳುತ್ತಿದ್ದ. ನಾನು ಕಲಾವಿದ. ಆ ಫೋಟೋವನ್ನು ಗರ್ಭಗುಡಿಗೆ ಒಯ್ದು ಸ್ಕ್ಯಾನರಿಗೆ ಉಣಿಸಿದೆ, ಅದು ಬಣ್ಣವನ್ನೆಲ್ಲ ನುಂಗಿ ಕಪ್ಪು ಬಿಳುಪಾಗಿ ಕಕ್ಕಿತು. ರೈಲು ಪಾಸಿಗೆ ತೆಗೆಸಿದ್ದ ನನ್ನ ಮುಖವನ್ನು ಕತ್ತರಿಸಿ ಸುಧಾಕರನ ಕತ್ತಿಗೆ ಕೂರಿಸಿದೆ. ಕತ್ತರಿಸುವಾಗ ಒಂದು ಕಿವಿ ಹಾರಿಹೋಯಿತು. ಇನ್ನೊಂದನ್ನೇ ನಕಲು ಮಾಡಿ, ತಿರುಗಿಸಿ, ಅಂಟಿಸಿದೆ. ಸಂದರ್ಭ ಸಿಕ್ಕಿತೆಂದು ಚೂರು ಬೆಳ್ಳಗೂ ಆದೆ. ಎಲ್ಲರೂ ಅಗ್ನಿಯನ್ನು ನೋಡುತ್ತಿದ್ದರು, ನಾನೊಬ್ಬ ಮಾತ್ರ ಟಿಕೆಟ್ ಕಲೆಕ್ಟರನನ್ನು ನೋಡುವವನ ಹಾಗೆ ಕಣ್ಣರಳಿಸಿ ನಿಂತಿದ್ದೆ. ಆದರೂ ನನಗೆ ಅದು ಪರಮ ಸಹಜವಾಗಿ ಕಂಡಿತು! ಚೌಕಟ್ಟು ಹಾಕಿಸಿ, ಭಾನುವಾರ ಮಲಾಡಿನ ಅವಳ ಮನೆಗೆ ಹೊತ್ತು ನಡೆದೆ.

ವಾರಿಜ ಬಿಚ್ಚಿ ನೋಡಿದಳು. ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ಅದೂ ಸಾಲದೆ ನೆಲಕ್ಕೇ ಕೂತಳು.

"ಅಣ್ಣಾ, ಎಂತದು ಮಾರಾಯ ಇದು! ಸುಧಣ್ಣನ ಹೊಟ್ಟೆ ಮೇಲೆ ನಿನ್ನ ಮಂಡೆ! ಟಿ.ಸಿ. ಹಿಡಿದ ಹಾಗೆ ಉಂಟು!"

ನಾನೂ ನಕ್ಕೆ. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ಎಲ್ಲ ಸರಿಹೋಯಿತೆಂದೇ ನಾನು ತಿಳಿದದ್ದು. ಅವಳು ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅರಳು ಬೀಳುತ್ತಿದ್ದ ಜಾಗದಲ್ಲಿ ಬೆರಳಿಟ್ಟಳು. ಅಲ್ಲಿ ಸುಧಾಕರನ ಉಂಗುರಗಳು ಹೊಳೆಯುತ್ತಿದ್ದವು.

"ಮುಖ ತಂದು ಇಟ್ಟಿದ್ದಿ, ಕೈ ಅವಂದೇ ಉಂಟಲ್ಲ ಅಣ್ಣ," ಎಂದಳು. ಸ್ವರ ಸಣ್ಣದಾಗಿತ್ತು. "ಭಟ್ರು 'ಹುಡುಗಿಯ ಅಣ್ಣ ಎಲ್ಲಿ' ಅಂತ ಕರಿತಾ ಇದ್ರು. ನಾನು ಬೊಗಸೆ ಹಿಡ್ಕೊಂಡೇ ನಿಂತಿದ್ದೆ. ನೀನು ಓಡಿ ಬರ್ತಿ ಅಂತ ಬಾಗಿಲೇ ನೋಡ್ತಾ ಇದ್ದೆ. ಹಾಳಾದ ರೈಲು ಅದೇ ದಿನ ಕೆಡಬೇಕಿತ್ತಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ರೈಲಿಗೆ ಬೈದುಕೊಂಡು ಚಾ ಕುಡಿಯಬಹುದಿತ್ತು.

"ರೈಲು ಕೆಟ್ಟಿರ್ಲಿಲ್ಲ ವಾರಿಜ," ಎಂದೆ. "ನಾನು ಹತ್ರದಲ್ಲೇ ಇದ್ದೆ, ಅಂಗಡಿಯಲ್ಲಿ. ಆ ಕಂಪ್ಯೂಟರಿನ ಮುಂದೆ ಕೂತು ನಿನ್ನ ಮದುವೆಯನ್ನೇ ಮರೆತೆ. ಎಲ್ಲರಿಗೂ ಸುಳ್ಳು ಹೇಳಿದೆ, ನಿಂಗೂ ಹೇಳಿದೆ. ನಂದು ತಪ್ಪಾಯ್ತು, ತಂಗಿ."