ಹಳ್ಳದ ನೀರಲ್ಲಿ ಕಂಡ ಕೆಂಪು

ಹಳ್ಳದ ನೀರಿನ ಮೇಲೆ ಚಾಪೆಯಗಲದ ಕೆಂಪು ಕಲೆಯೊಂದು ಕುದಿಯುವಂತೆ ಅಲುಗಾಡುತ್ತಿತ್ತು. ಯಾರೋ ವಿಷ ಸುರಿದಿದ್ದಾರೆಂದು ತೀರ್ಮಾನಿಸಿ, ಯಾರ್ಯಾರಿಗೆ ದೂರು ಕೊಡಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡತೊಡಗಿದೆ. ಚಿಂತೆ ಮಾಡುವುದರಲ್ಲಿ ನಾನು ಯಾವತ್ತೂ ಸೋಮಾರಿಯಲ್ಲ.

ಹರಿಯಬ್ಬೆ ಬಳಿಯ ಈ ಹಳ್ಳಕ್ಕೆ ಮೀನು ಮರಳಲೆಂದು ನಾವು ಊರಿನ ಕೆಲವರು ಅದರ ದಡದಲ್ಲಿ ಬಳ್ಳಾರಿ ಜಾಲಿ ಕಿತ್ತು, ಹೊಂಗೆ, ಲಕ್ಕಿ ಗಿಡ ನೆಟ್ಟು, ಎರಡು ವರ್ಷದಿಂದ ಅಲ್ಲಿ ಕುರಿ ಮೇಯದಂತೆ ನೋಡಿಕೊಂಡಿದ್ದೆವು. ಈ ಮಳೆಗಾಲದಲ್ಲೂ ಮೀನು ಕಾಣದಿದ್ದರೆ ದಡವನ್ನು ಕುರಿಗಳಿಗೇ ಬಿಡುತ್ತೇವೆಂದು ಕುರಿ ಕಾಯುವ ತಿಪ್ಪಣ್ಣನಿಗೆ ಮಾತು ಕೊಟ್ಟವನೂ ನಾನೇ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಅಂದು ಅವನು ಮಂದೆ ಹೊಡೆದುಕೊಂಡೇ ಬಂದಿದ್ದ. ದಡದ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

"ತಿಪ್ಪಣ್ಣ, ಕುರಿಗೆ ಈ ನೀರು ಕುಡಿಸಬ್ಯಾಡಪ್ಪ, ವಿಷ ಐತೆ," ಎಂದೆ.

ಅವನು ಬಗ್ಗಿ ನೋಡಿ ನಕ್ಕ. "ವಿಷ ಅಲ್ರಿ ಮೇಷ್ಟ್ರೇ, ಕೊರಮೀನಿನ ಮರಿ ಹಿಂಡು, ಸಣ್ಣವಿದ್ದಾಗ ಕೆಂಪಗೇ ಇರ್ತಾವೆ. ಕೆಳಗೆ ತಾಯಿ ಕಾವಲು ಐತೆ ನೋಡ್ರಿ. ಎರಡು ವರ್ಸ ಮೀನು ಮೀನು ಅಂತ ನಮ್ಮ ತಲೆ ತಿಂದ್ರಿ, ಬಂದಾಗ ಗುರ್ತೇ ಸಿಗ್ಲಿಲ್ವಾ?"

ನಿಜಕ್ಕೂ ಕೆಳಗೆ ಮೊಳದುದ್ದದ ಕಪ್ಪು ಮೀನೊಂದು ಸರ್ರನೆ ತಿರುಗಿತು. ನಾನು ಇನ್ನೂ ಬಾಯಿ ತೆರೆದು ನಿಂತಿರುವಾಗಲೇ ತಿಪ್ಪಣ್ಣ ಕೋಲು ಅಡ್ಡ ಹಿಡಿದು, ಹುಲ್ಲಿಗೆ ಬಾಯಿ ಹಾಕಲು ಹೊರಟ ಟಗರನ್ನು ಹಿಂದಕ್ಕೆ ತಿರುಗಿಸಿದ. "ಸುತ್ತು ಹಾಕ್ಕಂಡೇ ಹೋಗಾಣ, ನಡೀರಲೇ," ಎಂದು ಕುರಿಗಳಿಗೆ ಹೇಳಿದ.

ಅವನು ಏನೂ ಹೇಳದೆ ಇದ್ದಿದ್ದರೆ ಆ ಹುಲ್ಲೆಲ್ಲ ಅವನ ಮಂದೆಯದಾಗುತ್ತಿತ್ತು. ಈಗ ಯಾರಾದರೂ ನನ್ನನ್ನು ಹಳ್ಳಕ್ಕೆ ಮೀನು ತಂದ ಮೇಷ್ಟ್ರು ಎಂದರೆ, ಮೊದಲು ತಿಪ್ಪಣ್ಣನ ಹೆಸರು ಹೇಳಿ, ಆಮೇಲೆ ಎದೆಯುಬ್ಬಿಸುತ್ತೇನೆ.